ಜಾಗತೀಕರಣ ಮತ್ತು ಗ್ಲೋಬಲಿಸಂ: ಎರಡೂ ಒಂದೇನಾ?

ಓದುಗರ ಪ್ರಶ್ನೆ: ಸುದ್ದಿಯಲ್ಲಿ ಒಬ್ಬರು ಗ್ಲೋಬಲೈಸೇಶನ್ ಅಂತಾರೆ, ಇನ್ನೊಬ್ಬರು ಗ್ಲೋಬಲಿಸಂ ಅಂತಾರೆ. ಇಬ್ಬರೂ ಹೇಳುತ್ತಿರುವುದು ಒಂದನ್ನೇ ಅಲ್ವಾ?

ಅಲ್ಲ. ಜಾಗತೀಕರಣ ಅಂದರೆ ಕಣ್ಣೆದುರು ನಡೆಯುತ್ತಿರುವ ಸಂಗತಿ. ಸರಕು, ಹಣ, ಜನ, ಸುದ್ದಿ, ಕಾಯಿಲೆ ಎಲ್ಲವೂ ಗಡಿ ದಾಟಿ ಓಡಾಡುವುದು ಜಾಸ್ತಿಯಾಗುತ್ತಾ ಹೋಗುವುದು. ಗ್ಲೋಬಲಿಸಂ ಒಂದು ನಿಲುವು. ಕೆಲವು ವಿಷಯಗಳನ್ನು ಒಂದೊಂದು ದೇಶ ತನ್ನ ಪಾಡಿಗೆ ತೀರ್ಮಾನಿಸಿದರೆ ಸಾಲದು, ಎಲ್ಲರಿಗೂ ಅನ್ವಯಿಸುವ ನಿಯಮ ಬೇಕು ಎನ್ನುವ ವಾದ. ಮೊದಲನೆಯದನ್ನು ಅಂಕಿಗಳಲ್ಲಿ ಅಳೆಯಬಹುದು. ಎರಡನೆಯದನ್ನು ಒಪ್ಪಬಹುದು, ಇಲ್ಲವೇ ಜಗಳ ಆಡಬಹುದು.

ಗೊಂದಲಕ್ಕೆ ಕಾರಣ ಇದೆ. ಎರಡನೇ ಮಹಾಯುದ್ಧದ ನಂತರ ಎರಡೂ ಜೊತೆಜೊತೆಗೇ ಬೆಳೆದವು. 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ಹಲವು ದೇಶಗಳು ಸೇರಿದ ಸಭೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮತ್ತು ವಿಶ್ವ ಬ್ಯಾಂಕಿಗೆ ಅಡಿಪಾಯ ಹಾಕಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂತು. ಇವುಗಳ ಹಿಂದೆ ಗ್ಲೋಬಲಿಸಂ ಇತ್ತು, ನಿಜ. ಆದರೆ 1956ರಲ್ಲಿ ಅಮೆರಿಕದ ಲಾರಿ ಉದ್ಯಮಿ ಮಾಲ್ಕಂ ಮೆಕ್ಲೀನ್ 58 ಕಂಟೇನರ್‌ಗಳನ್ನು ಹಡಗಿಗೆ ಹೇರಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದಾಗ ಆತನಿಗೆ ಬೇಕಿದ್ದದ್ದು ಕಡಿಮೆ ಖರ್ಚಿನ ಸಾಗಣೆ, ಅಷ್ಟೇ. ಜಗತ್ತನ್ನು ಒಂದು ಮಾಡುವ ಕನಸೇನೂ ಅಲ್ಲ. ಹಡಗಿಗೆ ಬಿಡಿಬಿಡಿಯಾಗಿ ಸರಕು ತುಂಬಲು ಟನ್‌ಗೆ ಸುಮಾರು 6 ಡಾಲರ್ ಬೀಳುತ್ತಿದ್ದ ಖರ್ಚು, ಕಂಟೇನರಿನಿಂದಾಗಿ ಕೆಲವೇ ಸೆಂಟ್‌ಗಳಿಗೆ ಇಳಿಯಿತು. ನನ್ನನ್ನು ಕೇಳಿದರೆ, ಎಷ್ಟೋ ಒಪ್ಪಂದಗಳು ಮಾಡದ ಕೆಲಸವನ್ನು ಆ ಕಬ್ಬಿಣದ ಪೆಟ್ಟಿಗೆಗಳು ಮಾಡಿವೆ.

ಒಂದು ಇದ್ದ ಕಡೆ ಇನ್ನೊಂದು ಇರಲೇಬೇಕು ಅಂತಿಲ್ಲ. 1930ರ ದಶಕದ ಆರಂಭ ನೋಡಿ. ಜಿನೀವಾದಲ್ಲಿ ರಾಷ್ಟ್ರಸಂಘ, ಅಂದರೆ ಇಂದಿನ ವಿಶ್ವಸಂಸ್ಥೆಗೂ ಮೊದಲಿದ್ದ ದೇಶಗಳ ಒಕ್ಕೂಟ, ಸಭೆ ಮೇಲೆ ಸಭೆ ನಡೆಸುತ್ತಿತ್ತು. ಹೊರಗೆ ದೇಶಗಳು ಪೈಪೋಟಿಗೆ ಬಿದ್ದು ಆಮದು ಸುಂಕ ಏರಿಸುತ್ತಿದ್ದವು. 1929ರಿಂದ 1933ರೊಳಗೆ ಜಗತ್ತಿನ ವ್ಯಾಪಾರದ ಮೌಲ್ಯ ಮೂರನೇ ಒಂದು ಭಾಗಕ್ಕೆ ಕುಸಿಯಿತು. ಗ್ಲೋಬಲಿಸಂ ಇತ್ತು, ಜಾಗತೀಕರಣ ಹಿಂದಕ್ಕೆ ಓಡುತ್ತಿತ್ತು. ಚೀನಾದ್ದು ಇದಕ್ಕೆ ತದ್ವಿರುದ್ಧ ಕಥೆ. 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿ, 2009ರ ಹೊತ್ತಿಗೆ ಜಗತ್ತಿನ ಅತಿ ದೊಡ್ಡ ಸರಕು ರಫ್ತುದಾರ ಆಯಿತು. ಆದರೆ ತನ್ನ ಇಂಟರ್ನೆಟ್ಟಿಗೆ ಬೇಲಿ ಹಾಕಿಕೊಂಡೇ ಇದೆ. ಮಾನವ ಹಕ್ಕಿನ ಮಾತೆತ್ತಿದರೆ, ಅದು ನಮ್ಮ ಮನೆ ವಿಚಾರ ಅನ್ನುತ್ತದೆ.

ಇತ್ತೀಚೆಗೆ ರಾಜಕೀಯದಲ್ಲಿ 'ಗ್ಲೋಬಲಿಸ್ಟ್' ಎನ್ನುವುದು ಸುಮ್ನೆ ಬೈಗುಳ ಆಗಿಬಿಟ್ಟಿದೆ. ಯೆಹೂದಿಗಳನ್ನು ಹಳಿಯಲು ಅದನ್ನು ಗುಟ್ಟಿನ ಸಂಕೇತವಾಗಿ ಬಳಸುವವರೂ ಇದ್ದಾರೆ. 2018ರಲ್ಲಿ ಡೊನಾಲ್ಡ್ ಟ್ರಂಪ್ ವಿಶ್ವಸಂಸ್ಥೆಯಲ್ಲೇ ನಿಂತು ಗ್ಲೋಬಲಿಸಂ ಸಿದ್ಧಾಂತವನ್ನು ತಿರಸ್ಕರಿಸುತ್ತೇವೆ ಎಂದರು. ಅಲ್ಲಿ ಅವರ ಗುರಿ ನಿಲುವಿನ ಮೇಲೆ. ಅದಕ್ಕೂ ಮೊದಲು, 1999ರಲ್ಲಿ ಸಿಯಾಟಲ್‌ನ ಬೀದಿಗಳಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ವಿರುದ್ಧ ನಡೆದ ಪ್ರತಿಭಟನೆಯನ್ನು ಪತ್ರಿಕೆಗಳು ಜಾಗತೀಕರಣ ವಿರೋಧಿ ಎಂದು ಕರೆದವು. ಆದರೆ ಅಲ್ಲಿದ್ದ ಎಷ್ಟೋ ಜನರ ಬೇಡಿಕೆ ಏನಿತ್ತು ಗೊತ್ತಾ? ಕಾರ್ಮಿಕರ ಹಕ್ಕು, ಪರಿಸರ ರಕ್ಷಣೆಗೆ ಎಲ್ಲ ದೇಶಗಳೂ ಪಾಲಿಸಬೇಕಾದ ನಿಯಮ ಬೇಕು ಅಂತ. ಅದು ಅಪ್ಪಟ ಗ್ಲೋಬಲಿಸಂ.