ಕಾನ್‌ಸ್ಟಾಂಟಿನೋಪಲ್ ಕೋಟೆ ಬಿದ್ದ ಬಗೆ

ದೊಡ್ಡ ಫಿರಂಗಿ ಬಂತು, ಹಳೆಯ ಗೋಡೆ ಉರುಳಿತು: 1453ರಲ್ಲಿ ಒಟ್ಟೋಮನ್ ತುರ್ಕರ ಕೈಯಲ್ಲಿ ಆದ ಬೈಜಾಂಟೈನ್ ರಾಜಧಾನಿ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಪತನವನ್ನು ಶಾಲೆಯಲ್ಲಿ ಹೀಗೆ ಒಂದೇ ಉಸಿರಿಗೆ ಮುಗಿಸುತ್ತಾರೆ. ಆ ಗೋಡೆ 53 ದಿನ ಹೇಗೆ ತಡೆಯಿತು ಎಂದು ಕೇಳಿದರೆ ವಿಷಯ ಬೇರೆಯೇ ಆಗುತ್ತದೆ.

5ನೇ ಶತಮಾನದಲ್ಲಿ ಕಟ್ಟಿದ ಕೋಟೆಯಿದು. ಸುಮಾರು 20 ಮೀಟರ್ ಅಗಲದ ಕಂದಕ, ಹೊರಗೋಡೆ, ಅದರ ಹಿಂದೆ 12 ಮೀಟರ್ ಎತ್ತರದ ಒಳಗೋಡೆ. ಅವಾರರು, ಅರಬರು ಸೋತು ಮರಳಿದರು. 1204ರಲ್ಲಿ ಕ್ರೂಸೇಡಿನ (ಪಶ್ಚಿಮದ ಕ್ರೈಸ್ತರ ಧರ್ಮಯುದ್ಧದ) ಸೇನೆ ಕಡಲ ಕಡೆಯಿಂದ ನುಗ್ಗಿ ದೋಚಿತು. 1261ರಲ್ಲಿ ರಾಜಧಾನಿ ಮರಳಿ ಸಿಕ್ಕರೂ ಬೊಕ್ಕಸ ಮತ್ತೆ ತುಂಬಲಿಲ್ಲ.

ಫಿರಂಗಿ ಎರಕದ ಅರ್ಬನ್ ಮೊದಲು ಬಂದದ್ದು ಬೈಜಾಂಟೈನ್ ಚಕ್ರವರ್ತಿಯ ಬಳಿಗೇ. ಕೇಳಿದ ಸಂಬಳ ಕೊಡುವಷ್ಟು ಹಣವಿರಲಿಲ್ಲ. ಆತ ಒಟ್ಟೋಮನ್ ಸುಲ್ತಾನ ಎರಡನೇ ಮೆಹ್ಮದ್‌ಗೆ ಸುಮಾರು 8 ಮೀಟರ್ ಉದ್ದದ ಕಂಚಿನ ಫಿರಂಗಿ ಎರೆದುಕೊಟ್ಟ. ಅರ್ಧ ಟನ್ ಮೀರಿದ ಕಲ್ಲುಗುಂಡು, ದಿನಕ್ಕೆ ಏಳರಷ್ಟೇ ಹೊಡೆತ. ಕಾದ ಕಂಚು ಸೀಳದಂತೆ ನಡುನಡುವೆ ಎಣ್ಣೆ ಸುರಿಯಬೇಕು. ಒಂದೇ ಕಡೆ ಹೊಡೆಯುವ ಬದಲು ತ್ರಿಕೋನದ ಮೂರು ಮೂಲೆಗೆ ಗುಂಡಿಟ್ಟರೆ ನಡುವಿನ ಗೋಡೆ ಕುಸಿಯುತ್ತದೆ ಎಂಬುದನ್ನು ತೋಪಿನವರು ಬೇಗ ಕಲಿತರು. ಗುರಿ, ನೆಲ ತಗ್ಗಾದ ಲೈಕಸ್ ಹೊಳೆಯ ಕಣಿವೆ.

ಒಳಗಿನವರು ಕುಸಿದಲ್ಲೆಲ್ಲ ರಾತ್ರಿಯೇ ಮರದ ದಿಮ್ಮಿ, ಸೌದೆ ಹೊರೆ, ಮಣ್ಣು ಒಟ್ಟಿ, ಮೇಲೆ ಮಣ್ಣು ತುಂಬಿದ ಪೀಪಾಯಿಗಳನ್ನೇ ತೆನೆಯಾಗಿ ನಿಲ್ಲಿಸುತ್ತಿದ್ದರು. ಕಲ್ಲು ಪುಡಿಯಾಗುವಲ್ಲಿ ಸಡಿಲ ಮಣ್ಣು ಗುಂಡನ್ನು ನುಂಗುತ್ತದೆ. ತಮ್ಮದೇ ಫಿರಂಗಿ ಹಾರಿಸಿದರೆ ಅದರ ಒದೆತಕ್ಕೆ ಬುರುಜು ಅದುರುತ್ತಿತ್ತು, ಮದ್ದೂ ಸಾಲುತ್ತಿರಲಿಲ್ಲ. ಅಡಿಯಿಂದ ಕೊರೆದ ಸುರಂಗಗಳನ್ನು ಎದುರು ಸುರಂಗ ತೋಡಿ ಕೆಡವಿದರು. ಇಷ್ಟು ಜಾಣತನ ಸುಮಾರು 7,000 ಜನರದು. ಎರಡೂ ಗೋಡೆ ಕಾಯಲು ಸಾಲದೆ ಹೊರಗೋಡೆಯಲ್ಲೇ ನಿಂತರು.

ಏಪ್ರಿಲ್ 22ರಂದು ತುರ್ಕರು ಸುಮಾರು 70 ಹಡಗುಗಳನ್ನು ಜಿಡ್ಡು ಸವರಿದ ದಿಮ್ಮಿಗಳ ಮೇಲೆ ಎಳೆದು, ಸರಪಳಿ ಬಿಗಿದ ಗೋಲ್ಡನ್ ಹಾರ್ನ್ ಕೊಲ್ಲಿಗೆ ಗುಡ್ಡದ ಮೇಲಿಂದಲೇ ಇಳಿಸಿದರು. ಹಡಗಿನ ಹೊಡೆತಕ್ಕಿಂತ ದೊಡ್ಡ ನಷ್ಟ ಬೇರೆಯಿತ್ತು: ಆ ದಿಕ್ಕಿನ ಗೋಡೆಗೂ ಕಾವಲಿಡಲು ಒಳಗಿನವರು ಕಣಿವೆಯ ಕಡೆಯಿಂದ ಜನ ತೆಗೆಯಬೇಕಾಯಿತು.

ಮೇ 29ರ ನಸುಕಿನಲ್ಲಿ ಎರಡು ಲಗ್ಗೆ ಹಿಮ್ಮೆಟ್ಟಿದವು. ಮೂರನೆಯದರಲ್ಲಿ ಸುಲ್ತಾನನ ಆಯ್ದ ಕಾಲಾಳುಗಳಾದ ಜಾನಿಸರಿಗಳು ಬಂದರು. ಗಾಯಗೊಂಡ, ನಗರದ ಕಡೆಯ ಸೇನಾನಿ ಜುಸ್ಟಿನಿಯಾನಿಯನ್ನು ಹೊರಲು ಒಳಗೋಡೆಯ ಬಾಗಿಲು ತೆರೆದರು; ಅವನ ಜನ ಅವನ ಹಿಂದೆಯೇ ಹೊರಟರು. ಆ ಬಾಗಿಲಿನ ಬಗ್ಗೆ ಶತಮಾನಗಟ್ಟಲೆ ದೂರು ನಡೆದಿದೆ. ಒಳಗೋಡೆಯ ಮೇಲೆ ಇನ್ನೊಂದು ಸಾಲು ಕಾವಲಿದ್ದಿದ್ದರೆ ಅಷ್ಟಕ್ಕೇ ನಗರ ಬೀಳುತ್ತಿರಲಿಲ್ಲ.

ಮೆಹ್ಮದ್ ಆ ಗೋಡೆಯನ್ನು ಕೆಡವಲಿಲ್ಲ. ದುರಸ್ತಿ ಮಾಡಿಸಿ, ಕೆಲವೇ ವರ್ಷಗಳಲ್ಲಿ ಅದಕ್ಕೆ ಏಳು ಬುರುಜುಗಳ ಯೆಡಿಕುಲೆ ಕೋಟೆಯನ್ನೂ ಜೋಡಿಸಿದ.