ರಸ್ಟ್ ಕಂಪೈಲರ್ ಯಾಕೆ ಅಷ್ಟು ಹಠ ಮಾಡುತ್ತದೆ?

ರಸ್ಟ್ ಒಂದು ಪ್ರೋಗ್ರಾಮಿಂಗ್ ಭಾಷೆ. ಅದರ ಕಂಪೈಲರ್ (ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವ ಪ್ರೋಗ್ರಾಂ) ಮೆಮೊರಿ ಬಳಕೆಯಲ್ಲಿ ತಪ್ಪು ಕಂಡರೆ ಕೋಡನ್ನು ಒಪ್ಪುವುದೇ ಇಲ್ಲ. "ಸಿ ಭಾಷೆ ಸರಿಯಾಗಿ ಬಲ್ಲವರಿಗೆ ಇಂಥ ತಪ್ಪಾಗುವುದಿಲ್ಲ" ಎನ್ನುವವರು ನಮ್ಮ ಸಾಫ್ಟ್‌ವೇರ್ ವಲಯದಲ್ಲಿ ಇನ್ನೂ ಇದ್ದಾರೆ. ನನಗಂತೂ ಇದು ಮೂಢನಂಬಿಕೆಯೇ. 1988ರ ನವೆಂಬರಿನಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡಿದ ಮೋರಿಸ್ ವರ್ಮ್ ಎಂಬ ಪ್ರೋಗ್ರಾಂ ನುಗ್ಗಿದ ದಾರಿಗಳಲ್ಲೊಂದು ಯುನಿಕ್ಸ್‌ನ ಫಿಂಗರ್ ಸೇವೆ (ಬಳಕೆದಾರರ ವಿವರ ತಿಳಿಸುವಂಥದ್ದು). ಬಂದ ಸಾಲನ್ನು ಇಟ್ಟುಕೊಳ್ಳಲು ಅಲ್ಲಿದ್ದ ಜಾಗ, ಅಂದರೆ ಬಫರ್, 512 ಬೈಟ್. ಸಿ ಭಾಷೆಯ ಗೆಟ್ಸ್ ಎಂಬ ಫಂಕ್ಷನ್ ಬಂದ ಸಾಲಿನ ಉದ್ದ ನೋಡದೆ ತುಂಬುತ್ತಾ ಹೋಯಿತು, ಪಕ್ಕದ ಮೆಮೊರಿಯೂ ಕೆಟ್ಟಿತು. ಅದೇ ಗೆಟ್ಸ್ ಸಿ ಮಾನಕದಿಂದ ಹೊರಬಿದ್ದದ್ದು 2011ರಲ್ಲಿ! ಮೈಕ್ರೋಸಾಫ್ಟ್ 2019ರಲ್ಲಿ ಹೇಳಿಕೊಂಡಂತೆ, ಅದು ವರ್ಷವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಯವೇ. ಅಲ್ಲಿ ಕೂತವರೇನು ದಡ್ಡರೇ?

ಇದಕ್ಕೊಂದು ಮದ್ದು ಜಾವಾ ಭಾಷೆಯ ಗಾರ್ಬೇಜ್ ಕಲೆಕ್ಟರ್: ಬೇಡವಾದ ಮೆಮೊರಿಯನ್ನು ಪ್ರೋಗ್ರಾಂ ಓಡುವಾಗಲೇ ಹುಡುಕಿ ತೆರವು ಮಾಡುವ ವ್ಯವಸ್ಥೆ. ಆದರೆ ಅದು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು), ಡ್ರೈವರ್‌ (ಯಂತ್ರಭಾಗಗಳನ್ನು ನಡೆಸುವ ಪ್ರೋಗ್ರಾಂ) ಇಂಥವಕ್ಕೆ ಒಗ್ಗುವುದು ಕಷ್ಟ. ಗ್ರೇಡನ್ ಹೋರ್ 2006ರಲ್ಲಿ ಶುರುಮಾಡಿದ ರಸ್ಟ್‌ನಲ್ಲೂ ಮೊದಮೊದಲು ಅದಕ್ಕೆಂದೇ ಬೇರೆ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವಂಥದ್ದು) ಇತ್ತು, 2015ರ 1.0 ಆವೃತ್ತಿಯ ಹೊತ್ತಿಗೆ ಕಿತ್ತುಹಾಕಿದ್ದರು. ಉಳಿದದ್ದು ಒಂದು ನಿಯಮ: ಒಂದು ಡೇಟಾವನ್ನು ಏಕಕಾಲಕ್ಕೆ ಎಷ್ಟು ಜನ ಬೇಕಾದರೂ ಓದಲಿ, ಇಲ್ಲವೇ ಒಬ್ಬರೇ ತಿದ್ದಲಿ. ಎರಡೂ ಒಟ್ಟಿಗೆ ಬೇಡ.

ಇದರ ಸೊಗಸು ಇಲ್ಲಿದೆ ನೋಡಿ. ನಾಲ್ಕು ಅಂಕಿ ತುಂಬಿ ಜಾಗ ಮುಗಿದ ಒಂದು ವೆಕ್ಟರ್, ಅಂದರೆ ಬೇಕಾದಂತೆ ಬೆಳೆಯುವ ಪಟ್ಟಿ. ಅದರ ಮೊದಲ ಅಂಕಿಯ ವಿಳಾಸ ನಿಮ್ಮ ಕೈಯಲ್ಲಿದೆ. ಈಗ ಐದನೆಯದನ್ನು ಸೇರಿಸಿದರೆ ವೆಕ್ಟರ್ ದೊಡ್ಡ ಜಾಗ ಪಡೆದು, ಎಲ್ಲವನ್ನೂ ಅಲ್ಲಿಗೆ ಸಾಗಿಸಿ, ಹಳೆಯದನ್ನು ಬಿಟ್ಟುಕೊಡುತ್ತದೆ. ನಿಮ್ಮ ಪಾಯಿಂಟರ್ ಮಾತ್ರ ಮನೆ ಖಾಲಿ ಮಾಡಿದವರ ಹಳೇ ವಿಳಾಸಕ್ಕೇ ಕಾಗದ ಹಾಕುತ್ತಿರುತ್ತದೆ. ಒಡೆದು ಓದುವವರು ಹೊಸ ಬಾಡಿಗೆದಾರರು. ಸಿ++ ಇದನ್ನು ತುಟಿಪಿಟಕ್ಕೆನ್ನದೆ ಕಂಪೈಲ್ ಮಾಡುತ್ತದೆ, ಟೆಸ್ಟ್‌ಗಳೂ ಪಾಸಾಗಬಹುದು. ಮೇಲಿನ ನಿಯಮ ಕಾಯುವ ರಸ್ಟ್‌ನ ಬಾರೋ ಚೆಕರ್, ಮೊದಲ ಅಂಕಿಯನ್ನು ಆ ಹಳೇ ವಿಳಾಸದ ಮೂಲಕ ಮುಂದೆಲ್ಲಾದರೂ ಓದುತ್ತೀರಾ ಎಂದು ನೋಡುತ್ತದೆ. ಓದುವುದಿದ್ದರೆ ಕೋಡ್ ಕಂಪೈಲೇ ಆಗದು. ಇಲ್ಲದಿದ್ದರೆ ಅದಕ್ಕೇನೂ ತಕರಾರಿಲ್ಲ. ಈ ತಪಾಸಣೆಯೆಲ್ಲ ಕಂಪೈಲ್ ಹಂತದಲ್ಲೇ ಮುಗಿಯುವುದರಿಂದ ಪ್ರೋಗ್ರಾಂ ಓಡುವಾಗ ಅದರ ಹೊರೆ ಇಲ್ಲ. (ಸೈಕ್ಲೋನ್ ಎಂಬ ಸಂಶೋಧನಾ ಭಾಷೆ ಈ ದಾರಿಯಲ್ಲಿ ಮೊದಲೇ ಒಂದಷ್ಟು ನಡೆದಿತ್ತು. ಅದನ್ನು ನೆನೆಯುವವರೇ ಕಡಿಮೆ.)

ಹಾಗೆಂದು ಎಲ್ಲವನ್ನೂ ಕಂಪೈಲರ್ ಸಾಬೀತುಮಾಡಲಾರದು. ಡ್ರೈವರೊಂದು ನೆಟ್‌ವರ್ಕ್ ಕಾರ್ಡಿನ ರಿಜಿಸ್ಟರಿಗೆ (ಕಾರ್ಡಿನೊಳಗಿನ ಪುಟ್ಟ ಶೇಖರಣಾ ಜಾಗಕ್ಕೆ) ಬರೆಯಬೇಕಾದಾಗ ಆ ವಿಳಾಸ ಸರಿಯೋ ತಪ್ಪೋ ಕಂಪೈಲರಿಗೆ ಹೇಗೆ ಗೊತ್ತಾಗಬೇಕು? ಅಂಥ ಸಾಲುಗಳು, ಹೊಣೆ ಬರೆದವರದೇ ಎಂದು ಸಾರುವ 'ಅನ್‌ಸೇಫ್' ಬ್ಲಾಕಿನೊಳಗೆ ಹೋಗುತ್ತವೆ. 2022ರ ಡಿಸೆಂಬರಿನ 6.1 ಆವೃತ್ತಿಯಿಂದ ರಸ್ಟ್‌ಗೆ ಬಾಗಿಲು ತೆರೆದ ಲಿನಕ್ಸ್ ಕರ್ನಲ್‌ನಲ್ಲಿ ಅಂಥ ಪ್ರತಿ ಬ್ಲಾಕಿನ ಮೇಲೂ ಅದು ಯಾಕೆ ಸುರಕ್ಷಿತ ಎಂದು ಕಾಮೆಂಟ್ ಬರೆಯಬೇಕೆಂಬ ಕಟ್ಟಳೆಯಿದೆ. ಪರಿಶೀಲಿಸುವವರು ಮೊದಲು ಕಣ್ಣಿಡುವುದು ಅಲ್ಲೇ.