ತಿಂಗಳಿಗೊಂದು ಖಾಲಿ ಮನೆ: ಚಂದ್ರೋದಯದ ಲೆಕ್ಕ

ಗೋಡೆಯ ಕ್ಯಾಲೆಂಡರಿನಲ್ಲಿ ಸಾಮಾನ್ಯವಾಗಿ ಸಂಕಷ್ಟಿಯ ದಿನಕ್ಕೆ ಮಾತ್ರ ಚಂದ್ರೋದಯದ ಸಮಯ ಅಚ್ಚಾಗಿರುತ್ತದೆ. ತಿಂಗಳ ಎಲ್ಲ ದಿನಗಳ ಚಂದ್ರೋದಯ, ಚಂದ್ರಾಸ್ತಗಳ ಕೋಷ್ಟಕ ಮೊದಲ ಸಲ ನನ್ನ ಕೈಗೆ ಬಂದಾಗ ಒಂದು ತಾರೀಖಿನ ಮನೆಯಲ್ಲಿ ಸಮಯವೇ ಇರದೆ ಬರೀ ಅಡ್ಡಗೆರೆಯಿತ್ತು. ಅಚ್ಚಿನ ತಪ್ಪೆಂದು ತಿಳಿದೆ. ಮುಂದಿನ ತಿಂಗಳ ಪುಟದಲ್ಲಿಯೂ ಗೆರೆ ಇತ್ತು, ಅದರ ಮುಂದಿನದರಲ್ಲಿಯೂ ಇತ್ತು. ಆ ಗೆರೆ ಏಕೆ ಬರುತ್ತದೆ ಎಂಬುದನ್ನು ಬಿಡಿಸಿಕೊಂಡರೆ ಚಂದ್ರನ ಕಲೆಗಳು, ತಿಥಿ, ಉದಯಾಸ್ತಗಳು ಒಂದೇ ಲೆಕ್ಕದಲ್ಲಿ ಕೂಡಿಬರುತ್ತವೆ. ಆದ್ದರಿಂದ ಈ ಟಿಪ್ಪಣಿಯನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಹಂತಿ ಹೊಡೆಯುವ, ಅಂದರೆ ಎತ್ತುಗಳನ್ನು ತಿರುಗಿಸಿ ತೆನೆ ತುಳಿಸುವ ಕಣವನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಎತ್ತುಗಳು ನಡುವಿನ ಮೇಟಿಕಂಬದ ಸುತ್ತ ತಿರುಗುತ್ತಿವೆ, ಕಣದ ಅಂಚಿನಲ್ಲಿ ಅಜ್ಜ ನಿಂತಿದ್ದಾನೆ, ಎತ್ತುಗಳು ಹೋಗುವ ದಿಕ್ಕಿನಲ್ಲಿಯೇ ಒಬ್ಬ ಹುಡುಗ ಕಣದ ಸುತ್ತ ನಿಧಾನವಾಗಿ ನಡೆಯುತ್ತಿದ್ದಾನೆ ಎಂದು ಇಟ್ಟುಕೊಳ್ಳೋಣ. ಎಲ್ಲರೂ ಅಜ್ಜ ನಿಂತ ಜಾಗದಿಂದಲೇ ಹೊರಟಿದ್ದಾರೆ. ಎತ್ತುಗಳು ಮೂವತ್ತು ಸುತ್ತು ಮುಗಿಸುವಷ್ಟರಲ್ಲಿ ಹುಡುಗ ಒಂದು ಸುತ್ತು ಮುಗಿಸಿದರೆ, ಎತ್ತುಗಳು ಅಜ್ಜನನ್ನು ಮೂವತ್ತು ಸಲ ಹಾಯ್ದರೂ ಹುಡುಗನನ್ನು ಹಾಯುವುದು ಇಪ್ಪತ್ತೊಂಬತ್ತೇ ಸಲ, ಏಕೆಂದರೆ ಪ್ರತಿ ಸುತ್ತಿನಲ್ಲಿಯೂ ಹುಡುಗ ಸ್ವಲ್ಪ ಮುಂದಕ್ಕೆ ಹೋಗಿರುತ್ತಾನೆ. ತಿರುಗುವ ಭೂಮಿಯ ಮೇಲಿರುವ ನಾವೇ ಎತ್ತುಗಳು, ಸೂರ್ಯನೇ ಅಜ್ಜ, ಚಂದ್ರನೇ ಹುಡುಗ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸರಾಸರಿ 29.53 ದಿನಗಳಾಗುತ್ತವೆ. ಅಷ್ಟು ದಿನಗಳಲ್ಲಿ ಚಂದ್ರೋದಯಗಳು ಸೂರ್ಯೋದಯಗಳಿಗಿಂತ ಒಂದು ಕಡಿಮೆ ಇರಲೇಬೇಕು. 29.53 ದಿನಗಳನ್ನು 28.53ರಿಂದ ಭಾಗಿಸಿದರೆ ಒಂದು ಚಂದ್ರೋದಯದಿಂದ ಮತ್ತೊಂದಕ್ಕೆ ಸುಮಾರು 24 ಗಂಟೆ 50 ನಿಮಿಷ ಎಂದು ಬರುತ್ತದೆ. ಚಂದ್ರ ದಿನಕ್ಕೆ ಐವತ್ತು ನಿಮಿಷ ತಡವಾಗಿ ಮೂಡುತ್ತಾನೆ ಎಂದು ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡುವ ಅಂಕಿಯ ಮೂಲ ಇದು.

(ಅಜ್ಜನೂ ನಿಂತಲ್ಲೇ ನಿಂತಿಲ್ಲ ಎಂಬುದು ಬೇರೆ ಮಾತು. ಚಂದ್ರ ಅದೇ ನಕ್ಷತ್ರದ ಬಳಿಗೆ ಮರಳಲು 27.32 ದಿನ ಸಾಕು. ಅಷ್ಟರಲ್ಲಿ ಸೂರ್ಯ ಸುಮಾರು 27 ಡಿಗ್ರಿ ಸರಿದಿರುವುದರಿಂದ, ಅವನನ್ನು ಹಿಡಿಯಲು ಚಂದ್ರನಿಗೆ ಇನ್ನೂ ಎರಡು ದಿನಗಳಿಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ.)

ಈಗ ಗೆರೆಯ ಕಾರಣ ಸುಲಭ. ಹತ್ತನೆಯ ತಾರೀಖು ರಾತ್ರಿ 11:35ಕ್ಕೆ ಚಂದ್ರ ಮೂಡಿದನೆಂದು ಭಾವಿಸಿ. ಅದಕ್ಕೆ 24 ಗಂಟೆ 50 ನಿಮಿಷ ಸೇರಿಸಿದರೆ ಮುಂದಿನ ಉದಯ ನಡುರಾತ್ರಿ 12:25ಕ್ಕೆ ಬರುತ್ತದೆ, ಆದರೆ ಆ ಹೊತ್ತಿಗೆ ತಾರೀಖು ಹನ್ನೆರಡಾಗಿರುತ್ತದೆ. ಹೀಗಾಗಿ ಹನ್ನೊಂದನೆಯ ತಾರೀಖಿಗೆ ಚಂದ್ರೋದಯವೇ ಇಲ್ಲ. ಚಂದ್ರ ನಡುರಾತ್ರಿಯ ಹೊತ್ತಿಗೆ ಮೂಡುವುದು ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ, ಆದ್ದರಿಂದ ಉದಯದ ಮನೆ ಖಾಲಿಯಾಗುವುದು ಅಲ್ಲಿ. ಶುಕ್ಲಪಕ್ಷದ ಅಷ್ಟಮಿಯ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುವುದರಿಂದ ಅಸ್ತದ ಮನೆ ಅಲ್ಲಿ ಖಾಲಿಯಾಗುತ್ತದೆ.

ಕಲೆಗಳ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಚಂದ್ರನ ಅರ್ಧಭಾಗ ಯಾವಾಗಲೂ ಬಿಸಿಲಿನಲ್ಲಿರುತ್ತದೆ, ಅದರಲ್ಲಿ ನಮಗೆಷ್ಟು ಕಾಣುತ್ತದೆ ಎಂಬುದು ಸೂರ್ಯ–ಚಂದ್ರರ ನಡುವಿನ ಕೋನವನ್ನು ಅವಲಂಬಿಸಿದೆ. ಭೂಮಿಯ ನೆರಳಿಗೂ ಇದಕ್ಕೂ ಸಂಬಂಧವಿಲ್ಲ, ನೆರಳು ಬೀಳುವುದು ಗ್ರಹಣದಲ್ಲಿ ಮಾತ್ರ. ಅದೇ ಕೋನವು ಹನ್ನೆರಡು ಡಿಗ್ರಿ ಬೆಳೆದರೆ ಒಂದು ತಿಥಿ.

ನಮ್ಮ ಹಳೆಯ ಕಾಲಮಾನದ ಚೆಲುವು ಈ ಹನ್ನೆರಡು ಡಿಗ್ರಿಯಲ್ಲಿದೆ. ಆಕಾಶವು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು, ಹನ್ನೆರಡಕ್ಕೆ ನಲವತ್ತೆಂಟು. ಒಂದು ಗಳಿಗೆ ಎಂದರೆ 24 ನಿಮಿಷ. ಅಂದರೆ ಒಂದೊಂದು ತಿಥಿ ಕಳೆದಂತೆ ಚಂದ್ರ ಸೂರ್ಯನಿಗಿಂತ ಸರಿಯಾಗಿ ಎರಡೆರಡು ಗಳಿಗೆ ಹಿಂದೆ ಬೀಳುತ್ತಾನೆ. ಶುಕ್ಲಪಕ್ಷದಲ್ಲಿ ಕಳೆದ ತಿಥಿಗಳನ್ನು ಎಣಿಸಿ, ತಿಥಿಗೆ ಎರಡು ಗಳಿಗೆಯಂತೆ ಸೂರ್ಯಾಸ್ತಕ್ಕೆ ಸೇರಿಸಿದರೆ ಚಂದ್ರಾಸ್ತದ ಅಂದಾಜು ಸಮಯ ಸಿಗುತ್ತದೆ, ಕೃಷ್ಣಪಕ್ಷದಲ್ಲಿ ಹಾಗೆಯೇ ಸೇರಿಸಿದರೆ ಚಂದ್ರೋದಯದ ಸಮಯ ಸಿಗುತ್ತದೆ. ಕೋಷ್ಟಕವಿಲ್ಲದಾಗ ನಾನು ಬಳಸುವ ಸೂತ್ರ ಇದೊಂದೇ.

ಇದನ್ನು ಸಂಕಷ್ಟಿಗೆ ಹಚ್ಚಿ ನೋಡೋಣ. ಕೃಷ್ಣ ಚತುರ್ಥಿ ನಡೆಯುತ್ತಿರುವಾಗ ಹುಣ್ಣಿಮೆಯಿಂದ ಮೂರು ತಿಥಿ ಪೂರ್ತಿ ಕಳೆದು ನಾಲ್ಕನೆಯದು ಓಡುತ್ತಿರುತ್ತದೆ, ಹಾಗಾಗಿ ಸೂರ್ಯಾಸ್ತದಿಂದ ಆರರಿಂದ ಎಂಟು ಗಳಿಗೆ, ಅಂದರೆ 2 ಗಂಟೆ 24 ನಿಮಿಷದಿಂದ 3 ಗಂಟೆ 12 ನಿಮಿಷ. ಧಾರವಾಡದಲ್ಲಿ ನವೆಂಬರ್ ಕೊನೆಯಲ್ಲಿ ಸೂರ್ಯ ಸಂಜೆ ಆರರ ಆಸುಪಾಸಿನಲ್ಲಿ ಮುಳುಗುತ್ತಾನೆ, ಜುಲೈ ಆರಂಭದಲ್ಲಿ ಏಳು ದಾಟಿ ಐದಾರು ನಿಮಿಷಕ್ಕೆ. ಆದ್ದರಿಂದ ಚಳಿಗಾಲದ ಸಂಕಷ್ಟಿಯಲ್ಲಿ ಎಂಟೂವರೆ, ಒಂಬತ್ತಕ್ಕೆ ಊಟ ಸಿಕ್ಕರೆ, ಮಳೆಗಾಲದ ಆರಂಭದ ಸಂಕಷ್ಟಿ ಉಪವಾಸದವರನ್ನು ಹತ್ತರವರೆಗೂ ಕಾಯಿಸುತ್ತದೆ.

ಒಂದು ವರ್ಷ ಅಂಥದೇ ಜೂನ್ ತಿಂಗಳ ಸಂಕಷ್ಟಿಯಲ್ಲಿ ಅವ್ವ ಆರತಿ ತಟ್ಟೆ ಹಿಡಿದು ಮಾಳಿಗೆಯ ಮೇಲೆ ನಿಂತಿದ್ದಳು. ಮೋಡವಿರಲಿಲ್ಲ. "ಕ್ಯಾಲೆಂಡರ್‌ನ್ಯಾಗ ಒಂಬತ್ತೂವರಿ ಅಂತ ಬರದಾರ, ಇನ್ನೂ ಎಲ್ಲೈತಿ ಚಂದ್ರಾಮ?" ಎಂದು ಕೇಳಿದಾಗ ಹತ್ತಾಗುತ್ತ ಬಂದಿತ್ತು. ತಪ್ಪು ಎರಡು ಕಡೆ ಇತ್ತು. ಮೊದಲನೆಯದು, ಕ್ಯಾಲೆಂಡರಿನ ಸಮಯ ಬೆಂಗಳೂರಿನದು. ಬೆಂಗಳೂರಿನ ರೇಖಾಂಶ ಸುಮಾರು 77.6 ಡಿಗ್ರಿ, ಧಾರವಾಡದ್ದು 75. ಎರಡೂವರೆ ಡಿಗ್ರಿಯ ಈ ಅಂತರದಿಂದ ಚಂದ್ರ ನಮ್ಮಲ್ಲಿ ಹತ್ತು ನಿಮಿಷದಷ್ಟು ತಡವಾಗಿ ಮೂಡುತ್ತಾನೆ. ಧಾರವಾಡಕ್ಕೂ ಹುಬ್ಬಳ್ಳಿಗೂ ಅರ್ಧ ನಿಮಿಷದ ವ್ಯತ್ಯಾಸವಿದ್ದರೆ ಹೆಚ್ಚು, ಗದಗಕ್ಕೆ ಎರಡೂವರೆ ನಿಮಿಷ. ಎರಡನೆಯದು ಹೆಚ್ಚು ಮುಖ್ಯ: ಕೋಷ್ಟಕದ ಉದಯ ಬಯಲು ದಿಗಂತಕ್ಕೆ ಸಂಬಂಧಿಸಿದ್ದು, ನಮ್ಮ ಪೂರ್ವಕ್ಕೆ ಮೂರಂತಸ್ತಿನ ಮನೆಯಿತ್ತು. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ, ಆ ಮನೆ ಸರಿಯಾಗಿ ಒಂದು ಮುಷ್ಟಿ ಎತ್ತರ ಕಾಣುತ್ತಿತ್ತು. ಡಿಗ್ರಿಗೆ ನಾಲ್ಕು ನಿಮಿಷವೆಂದರೂ ನಲವತ್ತು ನಿಮಿಷ ಅಲ್ಲಿಯೇ ಹೋಯಿತು. ಎರಡೂ ಸೇರಿ ಐವತ್ತು. ಅವ್ವನಿಗೆ ಚಂದ್ರ ಕಂಡದ್ದು ಹತ್ತೂಕಾಲು ದಾಟಿದ ಮೇಲೆ.

ಸೂತ್ರದ ಮಿತಿಯನ್ನೂ ಹೇಳಬೇಕು. ಕಾಲು ಗಂಟೆಯಿಂದ ಅರ್ಧ ಗಂಟೆಯವರೆಗೆ ಅದು ಹಿಂದುಮುಂದಾಗಬಹುದು. ಚಂದ್ರನ ಕಕ್ಷೆ ಅಂಡಾಕಾರದ್ದಾಗಿರುವುದರಿಂದ ಅವನ ವೇಗ ಒಂದೇ ಸಮನಿಲ್ಲ, ಒಂದು ತಿಥಿ ಸುಮಾರು 19 ಗಂಟೆಗೂ ಮುಗಿಯಬಹುದು, 26 ಗಂಟೆಯೂ ಹಿಡಿಯಬಹುದು. ಇದಕ್ಕಿಂತ ಸ್ವಾರಸ್ಯದ ಕಾರಣ ಚಂದ್ರನ ದಾರಿಯ ಓರೆ. ಸೂರ್ಯ–ಚಂದ್ರರ ದಾರಿ ಆಕಾಶದ ಸಮಭಾಜಕಕ್ಕೆ, ಅಂದರೆ ಭೂಮಧ್ಯರೇಖೆಯ ನೇರಕ್ಕೆ ಬಾನಿನಲ್ಲಿ ಕಲ್ಪಿಸಿಕೊಂಡ ಗೆರೆಗೆ, ಓರೆಯಾಗಿದೆ. ಸೆಪ್ಟೆಂಬರ್ ಆಸುಪಾಸಿನ ಅನಂತನ ಹುಣ್ಣಿಮೆಯ ಬಳಿಕ ಚಂದ್ರ ಪೂರ್ವಕ್ಕೆ ಸರಿಯುವುದರ ಜೊತೆಗೆ ದಿನದಿನವೂ ಉತ್ತರಕ್ಕೆ ಜರುಗುತ್ತಾನೆ, ಆ ಜರುಗಾಟ ಅವನನ್ನು ಬೇಗ ಮೇಲೆ ತರುವುದರಿಂದ ಉದಯ ದಿನಕ್ಕೆ ನಲವತ್ತು ನಿಮಿಷದಷ್ಟೇ ತಡವಾಗುತ್ತದೆ. ಜೂನ್ ಆಸುಪಾಸಿನ ಕಾರ ಹುಣ್ಣಿಮೆಯ ಬಳಿಕ ಅದೇ ಅಂತರ ಐವತ್ತೈದರ ಸಮೀಪ ಹೋಗುತ್ತದೆ. ಕಾರ ಹುಣ್ಣಿಮೆಯ ಚಂದ್ರ ಆಗ್ನೇಯದ ಕಡೆಗೆ ಸರಿದು ಮೂಡಿ ತೆಂಕಣ ಬಾನಿನಲ್ಲಿ ತಗ್ಗಿನಲ್ಲಿಯೇ ಹಾಯ್ದುಹೋದರೆ, ಜನವರಿ ಆಸುಪಾಸಿನ ಬನದ ಹುಣ್ಣಿಮೆಯ ಚಂದ್ರ ಈಶಾನ್ಯದ ಕಡೆಯಿಂದ ಬಂದು, 15 ಡಿಗ್ರಿ ಅಕ್ಷಾಂಶದ ನಮ್ಮ ಊರುಗಳಲ್ಲಿ, ನಡುರಾತ್ರಿಗೆ ನೆತ್ತಿಯನ್ನೂ ದಾಟಿ ತುಸು ಉತ್ತರಕ್ಕೆ ನಿಲ್ಲುತ್ತಾನೆ. ನೋಡಲು ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಬೇಕು.

ಇನ್ನು ಖಾಲಿ ಮನೆಗೆ ಮರಳುತ್ತೇನೆ. ಪಂಚಾಂಗದಲ್ಲಿ ದಿನ ಬದಲಾಗುವುದು ನಡುರಾತ್ರಿಗಲ್ಲ, ಸೂರ್ಯೋದಯಕ್ಕೆ. ಹಾಗಾದರೆ ಆ ಲೆಕ್ಕದಲ್ಲಿ ಯಾವ ದಿನವೂ ಖಾಲಿಯಾಗುವುದಿಲ್ಲವೇ ಎಂದು ಒಬ್ಬ ಸಹಪಾಠಿ ಕೇಳಿದ್ದರು. ಆಗುತ್ತದೆ, ಆದರೆ ಜಾಗ ಬದಲಾಗುತ್ತದೆ. ಅಮಾವಾಸ್ಯೆ ಹತ್ತಿರ ಬಂದಾಗ ಒಂದು ಮುಂಜಾನೆ ಚಂದ್ರ ಸೂರ್ಯನಿಗಿಂತ ಇಪ್ಪತ್ತು ನಿಮಿಷ ಮೊದಲು ಮೂಡಿದನೆನ್ನಿ, ಅದು ಹಿಂದಿನ ದಿನದ ಲೆಕ್ಕಕ್ಕೆ ಸೇರಿತು. ಮರುದಿನ ಅವನು ಸೂರ್ಯನಿಗಿಂತ ಅರ್ಧ ಗಂಟೆ ತಡವಾಗಿ ಮೂಡುತ್ತಾನೆ, ಅದು ಆಗಲೇ ಹುಟ್ಟಿದ ಹೊಸ ದಿನಕ್ಕೆ ಸೇರುತ್ತದೆ. ನಡುವಿನ ಸೂರ್ಯೋದಯದಿಂದ ಸೂರ್ಯೋದಯದವರೆಗಿನ ದಿನಕ್ಕೆ ಚಂದ್ರೋದಯವಿಲ್ಲ. ತಿಂಗಳಿಗೆ ಒಂದು ಉದಯ ಕಡಿಮೆಯಾಗಬೇಕಾದದ್ದು ಇಲ್ಲಿಯೂ ಕಡಿಮೆಯಾಯಿತು, ಆದರೆ ಚಂದ್ರ ಸೂರ್ಯನ ಪ್ರಭೆಯಲ್ಲಿ ಅಡಗಿರುವ, ಯಾರೂ ಅವನನ್ನು ಹುಡುಕದ ದಿನದಲ್ಲಿ.